ಶಂಭಣ್ಣನ ಕಿವಿ, ಭೈರಮ್ಮನ ಅಟ್ಟ

ಹೊನ್ನವಳ್ಳಿ ಸುತ್ತಿನ ಊರುಗಳಲ್ಲಿ ಅಟ್ಟದ ಮೇಲಿನ ತೆಂಗಿನಕಾಯಿ ಇಳಿಸುವ ಮೊದಲು ಶಂಭುಲಿಂಗಯ್ಯನವರನ್ನು ಕರೆಸುವುದು ವಾಡಿಕೆ, ಮದುವೆಗೆ ಮೊದಲು ಜಾತಕ ತೋರಿಸುವ ಹಾಗೆ. ಕೊಯ್ದ ಕಾಯನ್ನು ನಾರಿನ ಸಿಪ್ಪೆಯಾದ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಉಂಡೆ ಲೊಟಲೊಟ ಅಂದರೆ ಇಳಿಸಬಹುದು, ಸುಮ್ಮನಿದ್ದರೆ ಬಿಟ್ಟುಬಿಡಬೇಕು. ಅವಸರಪಟ್ಟು ಸುಲಿಸಿದವನ ಕತೆ ಅಲ್ಲಿಗೆ ಮುಗಿಯಿತು. ಮಟ್ಟೆ ಬಿಚ್ಚಿದ ಕಾಯನ್ನು ಯಾರೂ ಮತ್ತೆ ಅಟ್ಟಕ್ಕೆ ಹಾಕುವುದಿಲ್ಲ. ಒಡೆದರೆ ತಿರುಳು ಚಿಪ್ಪಿಗೇ ಅಂಟಿಕೊಂಡು ಚೂರುಚೂರಾಗುತ್ತದೆ, ನಾಲ್ಕು ದಿನ ಕಳೆದರೆ ಕೌಟು ವಾಸನೆ ಹೊಡೆಯುತ್ತದೆ.

ಅಲ್ಲಾಡಿಸಿ ಕೇಳುವುದು ಬ್ರಹ್ಮವಿದ್ಯೆಯೇನಲ್ಲ, ಆ ಸೀಮೆಯಲ್ಲಿ ಎಲ್ಲರೂ ಕೇಳುತ್ತಾರೆ. ಆದರೆ ಪೂರ್ತಿ ಆದ ಕಾಯಿಗೂ, ಆದಂತೆ ಕಂಡು ಇನ್ನೊಂದು ತಿಂಗಳು ಬೇಡುವ ಕಾಯಿಗೂ ಇರುವ ವ್ಯತ್ಯಾಸ ಶಂಭಣ್ಣನ ಕಿವಿಗೇ ಗೊತ್ತು ಅನ್ನುವುದು ಜನರ ನಂಬಿಕೆ. ಅವರು ದೊಡ್ಡ ವರ್ತಕರಲ್ಲ. ಅಟ್ಟ ನೋಡಿ ಹೇಳುವುದು, ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಗೊತ್ತುಮಾಡಿಸುವುದು, ಸಿಕ್ಕ ದಲಾಲಿಯಲ್ಲಿ ಬದುಕುವುದು. ಅವರ ಬಂಡವಾಳವೆಲ್ಲ ತಲೆಯ ಎರಡು ಪಕ್ಕದಲ್ಲಿತ್ತು.

ಆ ಬಂಡವಾಳ ಕರಗುತ್ತಿತ್ತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬೆನ್ನ ಹಿಂದೆ ಮಾತಾಡುವವರೆಲ್ಲ ಹೋದರು. ಹೆಂಡತಿ ಗಿರಿಜಾಂಬಿಕಾ ಬದುಕಿದ್ದರೆ ಮೂರು ದಿನದಲ್ಲಿ ಪತ್ತೆಹಚ್ಚಿ ಕೈಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ಆಕೆ ಹೋಗಿ ಮೂರು ವರ್ಷವಾಗಿತ್ತು. ಮಗ ರೇಣುಕಪ್ರಸಾದ್ ಲಾರಿಯ ಮೇಲೆ ಊರೂರು ಸುತ್ತುವವನು. ಉಳಿದವಳು ಸೊಸೆ ಭಾನುಪ್ರಿಯಾ, ಅವಳು ಬೆಳಿಗ್ಗೆ ಎದ್ದು ಕೆ.ಬಿ. ಕ್ರಾಸಿನಲ್ಲಿ ಜನರ ಅರ್ಜಿ ತುಂಬಿಕೊಡುವ ತನ್ನ ಆನ್‌ಲೈನ್ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ಶಂಭುಲಿಂಗಯ್ಯನವರು ತಮ್ಮ ಕಿವುಡನ್ನು ಮನೆಯ ಒಳಗೂ ಹೊರಗೂ ಬಚ್ಚಿಟ್ಟುಕೊಂಡರು. ಯಾರಾದರೂ ಏನಾದರೂ ಕೇಳಿದರೆ ಗಂಭೀರವಾಗಿ ತಲೆಯಾಡಿಸುವುದು, ತಾವೇ ಹೆಚ್ಚು ಮಾತಾಡುವುದು. ಜನ ಅದನ್ನು ದೊಡ್ಡಸ್ತಿಕೆ ಅಂದುಕೊಂಡರು.

ಆಗ ಫೋನಿನಲ್ಲಿ ಆ ಜಾಹೀರಾತು ಕಂಡಿತು. 'ನಾದತೆಂಗು' ಅಂತ ಒಂದು ಆ್ಯಪ್. ತುಂಬಿದ ಅಟ್ಟದ ಮುಂದೆ ಪಂಚೆ ಉಟ್ಟ ಒಬ್ಬ ರೈತ ಮಟ್ಟೆಯ ಕಾಯನ್ನು ಫೋನಿನ ಹತ್ತಿರ ಅಲ್ಲಾಡಿಸುತ್ತಾನೆ, ಪರದೆಯ ಮೇಲೆ ಹಸಿರು ಬೆಳಗುತ್ತದೆ, ಕೊಬ್ಬರಿ ಆಗಿದೆ. ಕೆಂಪು ಬಂದರೆ ಆಗಿಲ್ಲ. ಒಂದು ವರ್ಷದ ಚಂದಾ. ಶಂಭುಲಿಂಗಯ್ಯನವರು ಅದನ್ನು ಹಿತ್ತಿಲಲ್ಲಿ ಕೂತು ಹತ್ತು ಸಲ ನೋಡಿ, ತಮ್ಮ ಕಷ್ಟವನ್ನು ಯಾರೋ ದೂರದಲ್ಲಿ ಕೂತು ಅರ್ಥಮಾಡಿಕೊಂಡಿದ್ದಾರಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಯಾರನ್ನೂ ಕೇಳದೆ ದುಡ್ಡು ಕಟ್ಟಿದರು. ಅಡುಗೆಗೆಂದು ಸುಲಿದಿಟ್ಟಿದ್ದ ಕಾಯಿಗಳ ಮೇಲೆ ಪರೀಕ್ಷೆ ಮಾಡಿದರು. ಎಳೆಯದಕ್ಕೆ ಕೆಂಪು, ಒಣಗಿದ್ದಕ್ಕೆ ಹಸಿರು. ಒಂದೂ ತಪ್ಪಲಿಲ್ಲ. ಅವತ್ತು ರಾತ್ರಿ ಅವರು ಎರಡು ಮುದ್ದೆ ಉಂಡರು.

ಮೊದಲ ಅಟ್ಟ ಭೈರಮ್ಮನದು. ಕೆಳಗಲ ಬೀದಿಯ ಭೈರಮ್ಮನೆಂದರೆ ಅಟ್ಟಕ್ಕೆ ಹೆಸರಾದ ಹೆಂಗಸು. ಮಳೆಗಾಲಕ್ಕೆ ಮುಂಚೆ ಪ್ರತಿ ಹೆಂಚನ್ನೂ ತಾವೇ ಮುಟ್ಟಿ ನೋಡುವವರು, ಹೆಗ್ಗಣ ಹೊಕ್ಕರೆ ತಾವೇ ಏಣಿ ಹತ್ತಿ ಓಡಿಸುವವರು. ಶಂಭುಲಿಂಗಯ್ಯನವರು ಮಂಡಿಯ ರೇಟು ನೋಡುವವರಂತೆ ಫೋನನ್ನು ಅಂಗೈಯಲ್ಲಿ ಹಿಡಿದು, ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿದರು. ಹಸಿರು. ಇನ್ನೊಂದು, ಹಸಿರು. ಮೂಲೆಯದು, ಅಡಿಯದು, ಎಲ್ಲ ಹಸಿರು. ಉಂಡೆ ಸಡಿಲವಾಗಿದ್ದರೆ ಅಂಗೈಗೂ ಒಂದಿಷ್ಟು ತಿಳಿಯುತ್ತದೆ. ಅವರ ಅಂಗೈ ಇನ್ನೂ ಆಗಿಲ್ಲ, ಆಗಿಲ್ಲ ಅನ್ನುತ್ತಲೇ ಇತ್ತು. ನಲವತ್ತು ವರ್ಷ ಕಾಯಿ ಹಿಡಿದ ಕೈಯನ್ನು ನಂಬದೆ ಅವರು ನಲವತ್ತು ದಿನದ ಆ್ಯಪನ್ನು ನಂಬಿದರು. ಕಿವಿ ಮೋಸ ಮಾಡಿದ ಮೇಲೆ ಮನುಷ್ಯನಿಗೆ ತನ್ನ ಮೈಯಲ್ಲಿ ಯಾವುದರ ಮೇಲೂ ಭರವಸೆ ಉಳಿಯುವುದಿಲ್ಲ.

"ಇಳಿಸ್ಬೋದು ಕಣಮ್ಮ," ಅಂದರು.

ಇಳಿಸಿದರು, ಸುಲಿಸಿದರು, ಒಡೆಸಿದರು. ಅರ್ಧಕ್ಕಿಂತ ಹೆಚ್ಚು ಕಾಯಲ್ಲಿ ತಿರುಳು ಚಿಪ್ಪು ಬಿಟ್ಟಿರಲಿಲ್ಲ. ಅಂಗಳದ ತುಂಬ ಉಂಡೆಯ ಬದಲು ಚೂರು. ಒಡೆಯಲು ಬಂದಿದ್ದ ಹೆಂಗಸರು ಕೈ ನಿಲ್ಲಿಸಿ ಶಂಭಣ್ಣನ ಮುಖ ನೋಡಿದರು. ಭೈರಮ್ಮನ ಮಗ ಶ್ರೀನಿವಾಸ್, ಸೊಸೆ ಪುಷ್ಪಲತಾ, ಅಕ್ಕಪಕ್ಕದವರು, ಎಲ್ಲರೂ ನೋಡಿದರು. ಆ ಒಂದು ಗಳಿಗೆಯಲ್ಲಿ ಶಂಭುಲಿಂಗಯ್ಯನವರ ಬಾಯಿಂದ ಬಂದ ಮಾತು ಇದು:

"ಅಟ್ಟಕ್ಕೆ ತೇವ ಹೊಡೆದೈತೆ ಕಣಮ್ಮ. ಹೆಂಚು ಸೋರಿರ್ಬೇಕು. ನೀನು ನೋಡ್ಕೊಳ್ಳಲಿಲ್ಲ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಭೈರಮ್ಮ ಮಾಡನ್ನೊಮ್ಮೆ ನೋಡಿದರು, ಚೂರುಗಳನ್ನು ನೋಡಿದರು. ಶಂಭಣ್ಣನೇ ಹೇಳಿದ ಮೇಲೆ ಇನ್ನೇನಿದೆ? ಅವತ್ತು ಸಂಜೆ ಪುಷ್ಪಲತಾ ಏಣಿಯನ್ನು ಹಿತ್ತಿಲಿಗೆ ಹಾಕಿ, "ವಯಸ್ಸಾಯ್ತು ಅತ್ತೆ, ಇನ್ನು ಅಟ್ಟದ ಉಸಾಬರಿ ನಿಮಗೆ ಬ್ಯಾಡ ಬುಡಿ," ಅಂದಳು. ಮಾತು ಮೆತ್ತಗೇ ಇತ್ತು, ಪೆಟ್ಟು ಮೆತ್ತಗಿರಲಿಲ್ಲ.

ಶಂಭುಲಿಂಗಯ್ಯನವರಿಗೆ ಅನ್ನ ಸೇರದಾಯಿತು. ತಮ್ಮ ಮೇಲಿನ ಸಿಟ್ಟನ್ನೆಲ್ಲ ಆ್ಯಪಿನ ಮೇಲೆ ತಿರುಗಿಸಿ, ಕಂಪನಿಗೆ ಫೋನಿನಲ್ಲೇ ತಿಳಿದಷ್ಟು ಬರೆದರು. ಉತ್ತರ ಇಂಗ್ಲಿಷಿನಲ್ಲಿ ಬಂತು. ಅದನ್ನು ಓದಿಸಲು ಕೆ.ಬಿ. ಕ್ರಾಸಿನ ಸೊಸೆಯ ಅಂಗಡಿಗೇ ಹೋಗಬೇಕಾಯಿತು.

ಭಾನುಪ್ರಿಯಾ ಓದಿ ಹುಬ್ಬೇರಿಸಿದಳು. "ಮಾವ, ಮಟ್ಟೆ ಸುಲಿದ ಕಾಯನ್ನ ಮಾತ್ರ ಪರೀಕ್ಷೆ ಮಾಡ್ಬೇಕಂತೆ. ಮಟ್ಟೆ ಇದ್ರೆ ಅದರ ನಾರಿನ ಸದ್ದನ್ನೇ ಕೊಬ್ಬರಿ ಸದ್ದು ಅನ್ಕೊಳ್ಳುತ್ತಂತೆ. ನೀವು ತಪ್ಪಾಗಿ ಬಳಸಿದೀರ, ದುಡ್ಡು ವಾಪಸ್ ಇಲ್ಲ ಅಂತಾರೆ."

"ಸುಲಿದ ಮೇಲೆ ಆಗೈತೋ ಇಲ್ವೋ ಅಂತ ಕೇಳೋಕೆ ಇವರ ಆ್ಯಪ್ ಯಾಕಮ್ಮ ಬೇಕು? ಒಡೆದು ನೋಡಿದ್ರೆ ಆಯ್ತಲ್ಲ!" ಶಂಭುಲಿಂಗಯ್ಯನವರು ಕೂಗಿದರು. "ತಾಳಿ ಕಟ್ಟಿದ ಮೇಲೆ ಹೆಣ್ಣು ನೋಡು ಅಂದಂಗಾಯ್ತು! ಜಾಹೀರಾತಲ್ಲಿ ಮಟ್ಟೆ ಕಾಯನ್ನೇ ತೋರ್ಸವ್ರೆ!"

ಅವಳು ಜಾಹೀರಾತು ಹುಡುಕಿ ನೋಡಿದಳು. ಹೌದು, ಅಟ್ಟ, ಪಂಚೆ, ಮಟ್ಟೆ ಕಾಯಿ, ಹಸಿರು. ಸುಲಿಯಬೇಕೆಂಬ ಮಾತು ಎಲ್ಲೂ ಇರಲಿಲ್ಲ. ದುಡ್ಡು ಕಟ್ಟಿದ ಮೇಲೆ ತೆರೆಯುವ ನಿಯಮಗಳ ಪುಟದ ತಳದಲ್ಲಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, ಒಂದೇ ಒಂದು ಸಾಲಿತ್ತು. "ಇದು ಬಿಡೋ ವಿಷಯ ಅಲ್ಲ ಮಾವ. ತೋರಿಸಿದ್ದೊಂದು, ಮಾರಿದ್ದೊಂದು. ಆ್ಯಪ್ ಅಂದ್ರೆ ಕೈಗೆ ಸಿಗೋ ಸಾಮಾನಲ್ಲ ನಿಜ. ಆದ್ರೂ ದುಡ್ಡು ಕೊಟ್ಟು ಕೊಂಡಿದ್ದು ತಾನೇ? ಸೀರೆ ಬಣ್ಣ ಬಿಟ್ರೆ ಕೇಳಲ್ವಾ? ಹಂಗೇ ಇದನ್ನೂ ಕೇಳ್ಬೋದು. ಆದ್ರೆ ನಿಮಗೆ ಈ ಆ್ಯಪ್ ಯಾಕೆ ಬೇಕಿತ್ತು?"

"ಸುಮ್ಕೆ. ಏನೈತೆ ನೋಡಾಣ ಅಂತ."

ಅವಳು ಪ್ರಿಂಟರಿನ ಕಡೆ ತಿರುಗಿ, ಬೆನ್ನು ಹಾಕಿಕೊಂಡೇ ಏನೋ ಕೇಳಿದಳು. ಉತ್ತರ ಬರಲಿಲ್ಲ. ಮತ್ತೆ ಕೇಳಿದಳು. ಮಾವ ರಸ್ತೆಯ ಬಸ್ಸು ನೋಡುತ್ತ ಕೂತಿದ್ದರು. ಭಾನುಪ್ರಿಯಾ ಈ ಕಡೆ ತಿರುಗಿದಳು. ಮನೆಯಲ್ಲಿ ತಾನು ಅಡುಗೆಮನೆಯಿಂದ ಕರೆದಾಗ ಓಗೊಡದ ಮಾವನ ಮೇಲೆ ಎಷ್ಟು ಸಲ ಮುನಿಸಿಕೊಂಡಿದ್ದಳು! ಮುದುಕರು ಮುಚ್ಚಿಟ್ಟಿದ್ದನ್ನು ಅವರೇ ತೆಗೆಯಲಿ ಅಂದುಕೊಂಡಳು.

ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿ ದೂರು ಬರೆಸಿದಳು. ಕಂಪನಿ ಅಲ್ಲಿಗೂ ಅದೇ ಉತ್ತರ ಕೊಟ್ಟಿತು. ಆಮೇಲೆ ಜಾಹೀರಾತಿನ ಚಿತ್ರ, ದುಡ್ಡು ಕಟ್ಟಿದ ಗುರುತು ಎಲ್ಲ ಸೇರಿಸಿ ತುಮಕೂರಿನ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕಿದಳು. ವಕೀಲರೇ ಬೇಕೆಂದಿಲ್ಲ, ನಾವೇ ಹೋಗಿ ಹೇಳಬಹುದು ಎಂದಳು. ಸೊಸೆಯ ಉಮೇದು ಕಂಡು ಶಂಭುಲಿಂಗಯ್ಯನವರಿಗೂ ಹುರುಪು ಬಂತು. ಕಂಪನಿಗೆ ಬುದ್ಧಿ ಕಲಿಸಿಬಿಟ್ಟರೆ ತಮ್ಮ ತಪ್ಪೂ ಅದರ ಜೊತೆಗೇ ತೊಳೆದುಹೋದೀತು ಎಂದು ಒಳಗೊಳಗೆ ಆಸೆ.

ಕಂಪನಿಯ ಲಿಖಿತ ಉತ್ತರ ಬಂದಾಗ ಆ ಆಸೆ ಇಳಿಯಿತು. ಅವರು ಹೊನ್ನವಳ್ಳಿಗೆ ಒಬ್ಬನನ್ನು ಕಳಿಸಿ ವಿಚಾರಿಸಿದ್ದರು. ಭಾನುಪ್ರಿಯಾ ಮಾವನ ಎದುರು ಕುರ್ಚಿ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದಳು. ಈಗೀಗ ಅವಳು ಹಾಗೇ ಮಾತಾಡುತ್ತಿದ್ದಳು.

"ಎರಡು ಮಾತು ಹೇಳವ್ರೆ ಮಾವ. ಒಂದು, ನೀವು ವ್ಯಾಪಾರಸ್ಥರಂತೆ. ವ್ಯಾಪಾರಕ್ಕೆ ಅಂತ ಕೊಂಡೋರು ಕಾನೂನಲ್ಲಿ ಗ್ರಾಹಕರ ಲೆಕ್ಕಕ್ಕೆ ಬರಲ್ಲ. ಆದ್ರೆ ತಾನೇ ದುಡಿದು ಹೊಟ್ಟೆ ಹೊರಿಯೋಕೆ ಕೊಂಡಿದ್ರೆ ಗ್ರಾಹಕರೇ. ಅದಕ್ಕೆ ಅವರೇನಂತಾರೆ ಅಂದ್ರೆ, ಮೂರು ತಾಲೂಕಿಗೆ ಕಿವಿ ಅಂತ ಹೆಸರಾದ ಮನುಷ್ಯನಿಗೆ ಹೊಟ್ಟೆಪಾಡಿಗೆ ಈ ಆ್ಯಪ್ ಯಾಕೆ ಬೇಕಿತ್ತು, ಇವರು ಇದನ್ನ ನಂಬ್ಕೊಂಡೇ ಇರ್ಲಿಲ್ಲ ಅಂತ."

"ಇನ್ನೊಂದು?"

"ಕಾಯಿ ಕೆಟ್ಟಿದ್ದು ಆ್ಯಪಿಂದಲ್ಲ, ಭೈರಮ್ಮನ ಅಟ್ಟ ಸೋರಿ. ಹಂಗಂತ ಎಲ್ಲರ ಮುಂದೆ ನೀವೇ ಹೇಳಿದೀರಂತೆ. ಪುಷ್ಪಲತಾ ಹೇಳಿಕೆ ಬರ್ಕೊಟ್ಟವಳೆ."

ಶಂಭುಲಿಂಗಯ್ಯನವರು ಗೋಡೆಯ ಮೇಲಿನ ಹೆಂಡತಿಯ ಫೋಟೋ ನೋಡಿದರು. ಬೇರೆ ಎಲ್ಲಿಗೂ ನೋಡುವ ಧೈರ್ಯ ಇರಲಿಲ್ಲ.

"ಮಾವ," ಭಾನುಪ್ರಿಯಾ ಅವರ ಮಂಡಿಯ ಮೇಲೆ ಕೈಯಿಟ್ಟಳು, "ನನಗೆ ಗೊತ್ತು. ಆದ್ರೆ ನಾನು ಹೇಳಿದ್ರೆ ನಡಿಯಲ್ಲ, ನೀವೇ ಹೇಳ್ಬೇಕು. ಬ್ಯಾಡ ಅಂದ್ರೆ ಅರ್ಜಿ ವಾಪಸ್ ತಗೊಳಾಣ."

ವಿಚಾರಣೆಯ ದಿನ ಶಂಭುಲಿಂಗಯ್ಯನವರು ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರು. ಭೈರಮ್ಮನೂ ಜೊತೆಗಿದ್ದರು. ಕಾಯಿ ಅವರದಾದ್ದರಿಂದ ಸಾಕ್ಷಿಗೆ ಬೇಕೆಂದು ಭಾನುಪ್ರಿಯಾ ಕರೆದಿದ್ದಳು. ಯಾವುದಕ್ಕೆ ಏನು ಎತ್ತ ಎಂದು ಭೈರಮ್ಮ ಕೇಳಲಿಲ್ಲ. ಶಂಭಣ್ಣೋರ ಮನೆಯವರು ಕರೆದರು, ಬಂದರು, ಅಷ್ಟೇ. ದಾರಿಯುದ್ದಕ್ಕೂ ಕಿಟಕಿಯಾಚೆಯ ತೋಟಗಳನ್ನು ನೋಡುತ್ತ ಕೂತಿದ್ದರು. ಅಟ್ಟ ಕೈಬಿಟ್ಟ ಮೇಲೆ ಆ ಹೆಂಗಸು ಇಳಿದುಹೋಗಿದ್ದರು, ರವಿಕೆ ತೋಳಲ್ಲಿ ಸಡಿಲವಾಗಿತ್ತು.

ಆಯೋಗದ ಹೊರಗಿನ ಪಡಸಾಲೆಯಲ್ಲಿ ಕಂಪನಿಯ ವಕೀಲರು ಹತ್ತಿರ ಬಂದರು. ಒಳ್ಳೆಯ ನಗುಮುಖ. ಶಂಭುಲಿಂಗಯ್ಯನವರನ್ನು ಕಂಬದ ಮರೆಗೆ ಕರೆದು, ಕಿವಿಯ ಹತ್ತಿರವೇ ಬಾಗಿ, "ಯಜಮಾನ್ರೆ, ಸುಮ್ನೆ ಯಾಕೆ ಅಲೆದಾಡ್ತೀರಾ. ನೀವು ಕಟ್ಟಿದ್ದು ಪೂರ್ತಿ ವಾಪಸ್, ಮೇಲೆ ಅದರ ಮೂರರಷ್ಟು. ಅಟ್ಟದ ತೇವದಿಂದ ಕಾಯಿ ಕೆಟ್ಟಿದ್ದು ಅಂತ ಒಂದು ರುಜು ಹಾಕಿ ಸಾಕು. ನಿಮ್ಮ ಹೆಸರಿಗೂ ಏನೂ ಬರಲ್ಲ," ಅಂದರು.

ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು. ಸುಳ್ಳು ಹೇಳಬಾರದು, ಶಂಭುಲಿಂಗಯ್ಯನವರಿಗೆ ಆಸೆಯಾಯಿತು. ಇಲ್ಲಿ ರುಜು ಹಾಕಿದರೆ ಸಂಜೆ ಊರಿಗೆ ಹೋದಾಗ ಅವರು ಅದೇ ಶಂಭಣ್ಣ. ಯಾರಿಗೂ ಏನೂ ಗೊತ್ತಾಗುವುದಿಲ್ಲ, ಸುಗ್ಗಿ ಬಂದರೆ ಜನ ಎಂದಿನಂತೆ ಮನೆ ಬಾಗಿಲಿಗೆ ಬರುತ್ತಾರೆ. ಅವರು ಬೆಂಚಿನ ಕಡೆ ನೋಡಿದರು. ಭೈರಮ್ಮ ಕತ್ತೆತ್ತಿ ಆ ಹಳೆಯ ಕಟ್ಟಡದ ಮಾಡನ್ನೇ ನೋಡುತ್ತಿದ್ದರು, ಎಲ್ಲಾದರೂ ಸೋರಿದ ಗುರುತು ಇದೆಯೇನೋ ಎಂಬ ಹಾಗೆ. ಮಾಡು ಕಂಡಲ್ಲೆಲ್ಲ ಸೋರಿಕೆ ಹುಡುಕುವ ರೋಗ ಆ ಹೆಂಗಸಿಗೆ ಅಂಟಿಸಿದ್ದು ತಾವು.

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಭಾನುಪ್ರಿಯಾ ಬಂದು ತೋಳು ಮುಟ್ಟಿದಳು.

ಆಯೋಗದ ಅಧ್ಯಕ್ಷರು ನಡುವಯಸ್ಸಿನ ಹೆಂಗಸು. ಕಡತ ತಿರುವಿ, ಏನೋ ಕೇಳಿದರು. ಫ್ಯಾನಿನ ಗುಂಯ್‌ಗುಡುವಿಕೆಯಲ್ಲಿ ಅವರ ತುಟಿ ಮಾತ್ರ ಅಲ್ಲಾಡಿತು. ಶಂಭುಲಿಂಗಯ್ಯನವರಿಗೆ ತಲೆಯಾಡಿಸುವ ಅಭ್ಯಾಸ ಬಂದುಬಿಟ್ಟಿತ್ತಲ್ಲ, ಆಡಿಸಲು ಹೊರಟರು. ಅರ್ಧಕ್ಕೇ ನಿಲ್ಲಿಸಿ ಕೈಮುಗಿದರು.

"ತಾಯಿ, ನೀವೇನು ಕೇಳಿದ್ರೋ ನಂಗೆ ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ಕಿವೀಲೇ ಅನ್ನ ತಿನ್ನೋನು ನಾನು, ಅದಕ್ಕೇ ಆ ಆ್ಯಪ್ ಕೊಂಡೆ. ಶೋಕಿಗಲ್ಲ, ವ್ಯಾಪಾರ ಬೆಳಸೋಕಲ್ಲ. ಮಟ್ಟೆ ಕಾಯಿ ತೋರ್ಸಿದ್ರು, ನಂಬ್ದೆ. ಅದು ಹಸಿರು ಅಂತು, ಇಳಿಸಿ ಅಂದೆ. ಕೆಟ್ಟಾಗ..." ಭೈರಮ್ಮನ ಕಡೆ ಕೈ ತೋರಿಸಿದರು. "ಕೆಟ್ಟಾಗ ಈಯಮ್ಮನ ಅಟ್ಟದ ಮೇಲೆ ಹಾಕ್ದೆ. ಅಟ್ಟಕ್ಕೆ ಏನೂ ಆಗಿರ್ಲಿಲ್ಲ. ಕಿವಿ ಹೋಯ್ತು ಅಂದ್ರೆ ಇನ್ಯಾರು ಕರೀತಾರೆ ನನ್ನ ಅಂತ ಸುಳ್ಳು ಹೇಳ್ದೆ."

ಕಂಪನಿಯ ವಕೀಲರು ಎದ್ದು ಏನೋ ಹೇಳಿದರು. ಅಧ್ಯಕ್ಷರು ಅವರನ್ನು ಕೈಸನ್ನೆಯಲ್ಲೇ ಕೂರಿಸಿ, ಈ ಸಲ ಮುಂದಕ್ಕೆ ಬಾಗಿ, ಮೈಕನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಜಾಹೀರಾತಿನಲ್ಲಿ ಮಟ್ಟೆ ತೆಗೀಬೇಕು ಅಂತ ಎಲ್ಲಾದರೂ ಇತ್ತಾ?"

"ಇರ್ಲಿಲ್ಲ ತಾಯಿ."

ತೀರ್ಪು ಬಂದದ್ದು ಎಷ್ಟೋ ದಿನದ ಮೇಲೆ. ತೋರಿಸಿದ್ದೊಂದು ಮಾರಿದ್ದೊಂದು ಎಂದೇ ಆಯೋಗ ಹೇಳಿತು. ಕಟ್ಟಿದ ದುಡ್ಡು ವಾಪಸು, ಮೇಲೆ ಪರಿಹಾರ, ಆ ಜಾಹೀರಾತು ತೆಗೆಯಬೇಕೆಂದು ಆದೇಶ. ಪರಿಹಾರ ಸೀದಾ ಭೈರಮ್ಮನ ಮನೆಗೆ ಹೋಯಿತು. ಭಾನುಪ್ರಿಯಾ ಮಾವನನ್ನು ತಿಪಟೂರಿನ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಆ ವರ್ಷ ಅವರನ್ನು ಅಟ್ಟಕ್ಕೆ ಕರೆದ ಮನೆಗಳು ಕಡಿಮೆಯೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಪೂರ್ತಿ ಸುಳ್ಳಲ್ಲ ಅದು.

ಆದರೆ ಭೈರಮ್ಮನ ತೀರ್ಪು ವಿಚಾರಣೆಯ ದಿನವೇ, ಪಡಸಾಲೆಯಲ್ಲೇ ಆಯಿತು. ಹೊರಗೆ ಬಂದವರೇ ಅವರು ಶಂಭುಲಿಂಗಯ್ಯನವರ ದಾರಿಗೆ ಅಡ್ಡ ನಿಂತರು.

"ಅಂಗಾರೆ ನನ್ನ ಅಟ್ಟ ಸೋರಿರ್ಲಿಲ್ಲ."

"ಇಲ್ಲ ಕಣಮ್ಮ. ತಪ್ಪಾಯ್ತು."

"ನಾನು ರಾತ್ರಿಯೆಲ್ಲ ಎದ್ದು ಕೂತು ಯೋಚ್ನೆ ಮಾಡ್ತಿದ್ದೆ, ಯಾವ ಹೆಂಚು ಬುಟ್ಬುಟ್ನೋ ಅಂತ." ಭೈರಮ್ಮ ಇನ್ನೊಂದು ಹೆಜ್ಜೆ ಮುಂದೆ ಬಂದರು. "ಇಲ್ಲಿ ಹೇಳಿದ್ರಿ, ಸರಿ. ತುಮಕೂರೋರಿಗೆ ನನ್ನ ಅಟ್ಟ ಗೊತ್ತಾ? ಎಲ್ಲಿ ಅಂದಿದ್ರೋ ಅಲ್ಲೇ ಬಂದು ಹೇಳಿ ಶಂಭಣ್ಣೋರೆ."

ಬಸ್ಸಿಳಿದು ಅವರು ಮನೆಗೆ ಹೋಗಲಿಲ್ಲ. ಸಂಜೆಯ ಹೊತ್ತು, ಕೆಳಗಲ ಬೀದಿಯಲ್ಲಿ ಹೆಂಗಸರು ಜಗಲಿಯ ಮೇಲಿದ್ದರು, ಗಂಡಸರು ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಪುಷ್ಪಲತಾ ಬಾಗಿಲಲ್ಲಿ ಹೂ ಕಟ್ಟುತ್ತಿದ್ದಳು. ಶಂಭುಲಿಂಗಯ್ಯನವರು ಭೈರಮ್ಮನ ಅಂಗಳದ ನಡುವೆ, ಅವತ್ತು ಚೂರುಗಳು ಬಿದ್ದಿದ್ದ ಜಾಗದಲ್ಲಿ ನಿಂತರು.

"ಭೈರಮ್ಮನ ಅಟ್ಟಕ್ಕೆ ತೇವ ಹೊಡೆದಿರ್ಲಿಲ್ಲ. ನಂಗೆ ಕಿವಿ ಕೇಳಿಸಲ್ಲ. ಆಗದೇ ಇರೋ ಕಾಯಿ ಇಳಿಸಿ ಅಂದೋನು ನಾನು."

ತಾವು ಮೆಲ್ಲಗೆ ಹೇಳಿದೆವೆಂದೇ ಅವರ ಎಣಿಕೆ. ಕಿವಿ ಹೋದವನಿಗೆ ತನ್ನ ದನಿಯ ಅಳತೆ ಗೊತ್ತಿರುವುದಿಲ್ಲ. ಮಾತು ಬೀದಿಯ ಆ ತುದಿಗೂ ಹೋಗಿತ್ತು. ಟೀವಿಗಳು ಬಾಯಿ ಮುಚ್ಚಿದವು, ಜನ ಹೊಸಿಲಿಗೆ ಬಂದರು. ಯಾರೂ ಏನೂ ಅನ್ನದ್ದು ಕಂಡು, ಅಯ್ಯೋ, ಇವರಿಗೆ ಕೇಳಿಸಲಿಲ್ಲವೇನೋ ಎಂದು ಶಂಭುಲಿಂಗಯ್ಯನವರು ಅದನ್ನೇ ಎರಡನೇ ಸಲ, ಇನ್ನೂ ಜೋರಾಗಿ ಹೇಳಿದರು. ಮೂರನೇ ಸಲ ಹೇಳುವಾಗ ಅವರ ಕೊರಳ ನರ ಉಬ್ಬಿ, ಕಣ್ಣೀರು ಮೀಸೆಗೆ ಇಳಿದಿತ್ತು.

ಭೈರಮ್ಮ ಎದುರಿಗೆ ಬಂದು, ತಮ್ಮ ತುಟಿ ಅವರಿಗೆ ಕಾಣುವಂತೆ ನಿಂತು, ಅವರ ಮುಂಗೈ ಹಿಡಿದರು.

"ಸಾಕು ಬುಡಿ ಶಂಭಣ್ಣೋರೆ. ಎಲ್ಲಾರ್ಗೂ ಕೇಳುಸ್ತು."

ಆಮೇಲೆ ಹಿತ್ತಿಲಿಗೆ ಹೋಗಿ ಏಣಿ ತಂದರು. ಪುಷ್ಪಲತಾ ಹೂವನ್ನು ಕೆಳಗಿಟ್ಟು ಎದ್ದು ಬಂದಳು. ಏಣಿಯ ಬುಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಭೈರಮ್ಮ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದರು.